ಹಾರ ಹಾಕದ ಅಭಿಮಾನ

ದಕ್ಷಿಣ ಕೋಲ್ಕತ್ತದಲ್ಲಿ ರಜನಿ ಸೇನ್ ರಸ್ತೆ ಅಂತ ಒಂದಿದೆ. ಬಾಲಿಗಂಜ್ ಕಡೆಯ ಸಾಧಾರಣ ವಸತಿ ಬೀದಿ. ಅಲ್ಲಿಗೆ ಆಗಾಗ ಯಾರಾದರೂ ಬಂದು, ಗೇಟುಗಳ ಮೇಲಿನ ನಂಬರು ಓದುತ್ತಾ ನಿಧಾನಕ್ಕೆ ನಡೆಯುತ್ತಾರೆ. ಕೆಲವರ ಕೈಯಲ್ಲಿ ಮಕ್ಕಳಿರುತ್ತಾರೆ, ಕೆಲವರ ತಲೆ ಪೂರ್ತಿ ನರೆತಿರುತ್ತದೆ. ಅವರು ಹುಡುಕುವುದು 21ನೇ ನಂಬರಿನ ಮನೆ. ಅದು ಪ್ರದೋಷ್ ಚಂದ್ರ ಮಿತ್ರನ ವಿಳಾಸ, ಅಂದರೆ ಬಂಗಾಳಿಗಳ ಫೆಲುದಾನದು. ಸತ್ಯಜಿತ್ ರಾಯ್ ಮಕ್ಕಳಿಗಾಗಿ ಬರೆದ ಪತ್ತೇದಾರಿ ಕಥೆಗಳ ನಾಯಕ. ರಸ್ತೆ ನಿಜ, ನಾಯಕ ಕಲ್ಪಿತ. ಇದು ಹುಡುಕುವವರಿಗೂ ಗೊತ್ತು. ಗೊತ್ತಿದ್ದೇ ಬರುತ್ತಾರೆ, ನಗುತ್ತಾ ಹುಡುಕುತ್ತಾರೆ, ಮೂಲೆಯಲ್ಲಿ ಚಹಾ ಕುಡಿದು ಹೋಗುತ್ತಾರೆ.

ದೊಡ್ಡವರು ಮಕ್ಕಳ ಪುಸ್ತಕದೊಂದಿಗೆ ಹೀಗೆ ಆಡುವುದನ್ನು ಕಾಲಹರಣ ಅನ್ನುವವರಿದ್ದಾರೆ. ನನ್ನ ಪ್ರಕಾರ ಒಂದು ಸಮಾಜ ತನ್ನ ಸಾಹಿತ್ಯಕ್ಕೆ ಕೊಡಬಹುದಾದ ಅತ್ಯಂತ ದೊಡ್ಡ ಗೌರವ ಇದೇ. ಪ್ರತಿಮೆ, ಪೀಠ, ಜಯಂತಿಗಳಿಗಿಂತ ದೊಡ್ಡದು. ಬ್ಯಾಂಕಿನ ವರ್ಗಾವಣೆ ನನ್ನನ್ನು ಶಿವಮೊಗ್ಗದಿಂದ ಕೋಲ್ಕತ್ತಕ್ಕೆ ಒಯ್ದಿದ್ದರಿಂದ ಇದನ್ನು ಹತ್ತಿರದಿಂದ ಕಂಡೆ. ಬಂಗಾಳಿ ಕಲಿತದ್ದೂ ಫೆಲುದಾನಿಂದಲೇ. ಅಕ್ಷರ ಕೂಡಿಸಿ ಓದಲು ಶುರು ಮಾಡಿದಾಗ ನಮ್ಮ ಕ್ಯಾಷಿಯರ್ ಒಂದು ಹಳೆಯ ಪ್ರತಿ ತಂದುಕೊಟ್ಟು, ರವೀಂದ್ರನಾಥರನ್ನು ಆಮೇಲೆ ನೋಡೋಣ, ಮೊದಲು ಇದನ್ನು ಮುಗಿಸಿ ಅಂದಿದ್ದರು.

ತಿಳಿಯದವರಿಗೆ ನಾಲ್ಕು ಮಾತು. ಫೆಲುದಾ ಮೊದಲು ಕಾಣಿಸಿಕೊಂಡದ್ದು 1965ರ ಡಿಸೆಂಬರಿನಲ್ಲಿ, ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯಲ್ಲಿ. ಆ ಪತ್ರಿಕೆಯನ್ನು 1913ರಲ್ಲಿ ಹುಟ್ಟುಹಾಕಿದವರು ರಾಯ್ ಅವರ ಅಜ್ಜ ಉಪೇಂದ್ರಕಿಶೋರ್. ಅಪ್ಪ ಸುಕುಮಾರ್ ರಾಯ್ ಅದರ ಸಂಪಾದಕರಾಗಿದ್ದರು. ನಿಂತುಹೋಗಿದ್ದ ಅದನ್ನು ಮೊಮ್ಮಗ 1961ರಲ್ಲಿ ಕವಿ ಸುಭಾಷ್ ಮುಖೋಪಾಧ್ಯಾಯರ ಜೊತೆ ಸೇರಿ ಮತ್ತೆ ಆರಂಭಿಸಿದರು. ಹೊರಗಿನ ಜಗತ್ತಿಗೆ ‘ಪಥೇರ್ ಪಾಂಚಾಲಿ’ಯ ನಿರ್ದೇಶಕರಾಗಿದ್ದವರು ಮನೆಯಲ್ಲಿ ಕೂತು ಮಕ್ಕಳ ಪತ್ರಿಕೆಗೆ ಕಥೆ ಬರೆದು, ಚಿತ್ರವನ್ನೂ ತಾವೇ ಬಿಡಿಸುತ್ತಿದ್ದರು. ಮೊದಲ ಕಥೆ ಬರೆದಾಗ ಅದೊಂದು ಸರಣಿಯಾಗುತ್ತದೆಂಬ ಅಂದಾಜು ಅವರಿಗಿರಲಿಲ್ಲ. ಅದು 35 ಕಥೆ-ಕಾದಂಬರಿಗಳವರೆಗೆ ಬೆಳೆಯಿತು. ಕಥೆ ಹೇಳುವವನು ಫೆಲುದಾನ ಚಿಕ್ಕಪ್ಪನ ಮಗ ತೋಪ್ಶೆ. 1971ರ ‘ಸೋನಾರ್ ಕೆಲ್ಲಾ’ದಲ್ಲಿ ಮೂರನೆಯವನೊಬ್ಬ ಬಂದು ಸೇರಿಕೊಂಡ. ಅವನೇ ಲಾಲಮೋಹನ್ ಗಂಗೂಲಿ. ‘ಜಟಾಯು’ ಎಂಬ ಕಾವ್ಯನಾಮದಲ್ಲಿ ರೋಮಾಂಚಕ ಕಾದಂಬರಿಗಳನ್ನು ಬರೆದು ಸಾವಿರಗಟ್ಟಲೆ ಪ್ರತಿ ಮಾರುವ, ಅಂಜುಬುರುಕ, ಒಳ್ಳೆಯ ಮನಸ್ಸಿನ ಲೇಖಕ.

ಅಭಿಮಾನಿಗಳ ಆಟ ಬಹುಪಾಲು ಈ ಜಟಾಯುವಿನ ಸುತ್ತ ನಡೆಯುತ್ತದೆ. ಅವನ ಪುಸ್ತಕಗಳ ಹೆಸರೇ ಒಂದು ಹಬ್ಬ. ‘ಸಾಹಾರಾಯ್ ಶಿಹರಣ್’, ‘ಹೊಂಡುರಾಸೇ ಹಾಹಾಕಾರ್’, ‘ಬೋರ್ನಿಯೋರ್ ಬಿಭೀಷಿಕಾ’, ‘ವ್ಯಾಂಕೂವರೇರ್ ವ್ಯಾಂಪೈರ್’. ದೂರದ ಊರಿನ ಹೆಸರು, ಅದೇ ಅಕ್ಷರದಿಂದ ಶುರುವಾಗುವ ಒಂದು ಭಯಂಕರ ಪದ, ಅಷ್ಟೇ ಸೂತ್ರ. ನಮ್ಮ ಶಾಖೆಯಲ್ಲಿ ಯಾರಿಗೆ ವರ್ಗಾವಣೆಯಾದರೂ ಬೀಳ್ಕೊಡುಗೆಯ ದಿನ ಜಟಾಯುವಿನ ಹೊಸ ಕಾದಂಬರಿಯೊಂದು ಪ್ರಕಟವಾಗುತ್ತಿತ್ತು. ಬಿಳಿ ಹಾಳೆಯ ಮೇಲೆ ಮುಖಪುಟ, ರಾಯ್ ಶೈಲಿಯ ಅಕ್ಷರ, ಕೆಳಗೆ ಲೇಖಕರ ಹೆಸರು. ನಾನು ಊರಿಗೆ ಹೊರಟಾಗ ಸಿಕ್ಕಿದ್ದು ‘ಶಿವಮೊಗ್ಗಾಯ್ ಶಿಹರಣ್’. ಅದಕ್ಕೂ ಮೊದಲು ಹುಬ್ಬಳ್ಳಿಯವರೊಬ್ಬರಿಗೆ ‘ಹುಬ್ಬಳ್ಳಿರ್ ಹಾಹಾಕಾರ್’ ಕೊಟ್ಟಿದ್ದರು. ಅದು ಇನ್ನೂ ಅವರ ಮನೆಯ ಗೋಡೆಯ ಮೇಲಿದೆ ಎಂದು ಕೇಳಿದ್ದೇನೆ.

ಈ ಹಾಸ್ಯದ ಒಳಗೊಂದು ಸೂಕ್ಷ್ಮ ಇದೆ, ಅದನ್ನು ಮೊದಲು ತೋರಿಸಿಕೊಟ್ಟವರು ಸಾಲ ವಿಭಾಗದ ಹಿರಿಯ ಮೇಡಂ. ರಾಯ್ ಅವರ ಸ್ವಂತ ಶೀರ್ಷಿಕೆಗಳನ್ನು ನೋಡಿ ಅಂದರು. ‘ಗ್ಯಾಂಗ್ಟೋಕೇ ಗಂಡಗೋಲ್’, ‘ಕೈಲಾಸೇ ಕೆಲೆಂಕಾರಿ’, ‘ಬೊಂಬಾಯೇರ್ ಬೊಂಬೇಟೇ’. ಜಟಾಯುವಿನ ಚಾಳಿ ಸೃಷ್ಟಿಕರ್ತನದೇ! ಜಟಾಯು ವಾಸಿಸುವುದು ಗಡಪಾರ್‌ನಲ್ಲಿ. ರಾಯ್ ಹುಟ್ಟಿದ್ದು ನೂರನೇ ನಂಬರ್ ಗಡಪಾರ್ ರಸ್ತೆಯ ಮನೆಯಲ್ಲಿ. ತಾನು ಹುಟ್ಟಿದ ಬೀದಿಯಲ್ಲೇ ಅವರು ಈ ಜನಪ್ರಿಯ ಲೇಖಕನಿಗೆ ಮನೆ ಮಾಡಿಕೊಟ್ಟಿದ್ದಾರೆ. ಗೆಳೆಯರು ಊಟದ ಡಬ್ಬಿ ಮುಂದಿಟ್ಟುಕೊಂಡು ಇಂಥದ್ದನ್ನೆಲ್ಲ ಹೆಕ್ಕಿ ತೆಗೆಯುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಸಂಶೋಧನೆ ಅನ್ನುತ್ತಾರೆ.

ಇನ್ನೊಂದು ನಿತ್ಯದ ಆಟ ಮಗನ್‌ಲಾಲ್ ಮೇಘರಾಜನದು. ‘ಜಯ್ ಬಾಬಾ ಫೆಲುನಾಥ್’ನಲ್ಲಿ ಕಾಶಿಯ ಈ ಖಳನಾಯಕ ಫೆಲುದಾ ತಂಡವನ್ನು ಮನೆಗೆ ಕರೆಸಿಕೊಂಡು ಶರಬತ್ತು ಕೊಡುತ್ತಾನೆ. ಅದರಲ್ಲಿ ವಿಷ ಇದೆಯೇನೋ ಎಂದು ಜಟಾಯು ನಡುಗುತ್ತಾನೆ. ಆಮೇಲೆ ಅವನನ್ನೇ ಹಲಗೆಗೆ ಒರಗಿಸಿ ನಿಲ್ಲಿಸಿ ಸುತ್ತ ಚೂರಿ ಎಸೆಸುತ್ತಾರೆ. 1979ರ ಸಿನಿಮಾದಲ್ಲಿ ಉತ್ಪಲ್ ದತ್ತ ಆ ಪಾತ್ರ ಮಾಡಿದ ಮೇಲೆ ಬಂಗಾಳದಲ್ಲಿ ಶರಬತ್ತಿಗೆ ನೆಮ್ಮದಿಯಿಲ್ಲ. ಪ್ರಾದೇಶಿಕ ಕಚೇರಿಯಿಂದ ಬಂದ ಅಧಿಕಾರಿ ಒಳಗೆ ಕರೆದು ತಣ್ಣಗಿನದೇನಾದರೂ ತರಿಸಿಕೊಟ್ಟರೆ, ಹೊರಬಂದವರನ್ನು ನಾವೆಲ್ಲ ಸುತ್ತುವರಿದು ಕೇಳುತ್ತಿದ್ದುದು ಒಂದೇ: ಕುಡಿದಿರಾ? ಲೆಕ್ಕ ತಾಳೆಯಾಗದ ಸಂಜೆಗಳಲ್ಲಿ ಯಾರಾದರೂ ‘ಮಗಜಾಸ್ತ್ರ’ ಹೊರತೆಗೆಯಿರಿ ಅನ್ನುತ್ತಿದ್ದರು. ಮಿದುಳೆಂಬ ಆಯುಧ. ಫೆಲುದಾನ ಬಳಿ ಪಾಯಿಂಟ್ 32 ಕೋಲ್ಟ್ ರಿವಾಲ್ವರ್ ಇದ್ದರೂ ಅವನು ನೆಚ್ಚುವುದು ಇದನ್ನೇ.

ಈ ಸಲುಗೆ ಎಲ್ಲಿಂದ ಬಂತು ಎಂದು ತುಂಬ ಯೋಚಿಸಿದ್ದೇನೆ. ಕೋಲ್ಕತ್ತ ಪೂಜೆ ಮಾಡಲು ಹಿಂದೆಗೆಯುವ ಊರಲ್ಲ. ರವೀಂದ್ರನಾಥರನ್ನು ಅದು ಪೂಜಿಸಿತು. ಅವರ ಕೃತಿಗಳ ಹಕ್ಕು 2001ರ ಕೊನೆಯವರೆಗೆ ವಿಶ್ವಭಾರತಿಯ ಕೈಯಲ್ಲಿತ್ತು. ಹಾಡಿನ ಧ್ವನಿಮುದ್ರಣಕ್ಕೆ ಅಲ್ಲಿನ ಸಂಗೀತ ಮಂಡಳಿಯ ಒಪ್ಪಿಗೆ ಬೇಕಿತ್ತು, ಸ್ವರಲಿಪಿ ತಪ್ಪುವಂತಿರಲಿಲ್ಲ. ಕಾಪಿಡಲು ಅದೂ ಒಂದು ದಾರಿ, ಅದರಿಂದ ಉಪಕಾರವೂ ಆಗಿದೆ. ಆದರೆ ಆ ಹಾಡುಗಳ ಮುಂದೆ ಕೈಕಟ್ಟಿ ಕೂರುತ್ತಿದ್ದ ಜನರೇ ಫೆಲುದಾನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಹೆಗಲ ಮೇಲೆ ಕೈಹಾಕಿ ಮಾತಾಡಿಸಬಹುದಾದ ಪಾತ್ರ ಅವನು. ಅದಕ್ಕೆ ಮುಖ್ಯ ಕಾರಣ ರಾಯ್ ಅವರ ನಿಖರತೆ ಎಂದು ನಾನು ನಂಬಿದ್ದೇನೆ.

ಅವರು ಮಕ್ಕಳಿಗೆ ‘ಒಂದಾನೊಂದು ಊರಿನಲ್ಲಿ’ ಎಂದು ಬರೆಯಲಿಲ್ಲ. ಊರಿನ ಹೆಸರು, ರಸ್ತೆ, ರೈಲು, ಅದು ಬಿಡುವ ಹೊತ್ತು, ಇಳಿದ ಹೋಟೆಲು, ತಿಂದ ತಿಂಡಿ ಎಲ್ಲ ಇರುತ್ತದೆ. ಫೆಲುದಾ ಸೇದುವುದು ಚಾರ್ಮಿನಾರ್. ಡಾಲ್‌ಮುಟ್ ಎಂಬ ಖಾರದ ಕುರುಕು ಬರುವುದು ನ್ಯೂ ಮಾರ್ಕೆಟ್‌ನ ಕಲಿಮುದ್ದಿ ಅಂಗಡಿಯಿಂದ. ಜಟಾಯುವಿನ ಕಾರು ಹಸಿರು ಅಂಬಾಸಿಡರ್, ಅದರ ಡ್ರೈವರ್ ಹರಿಪದ. ಓದುಗನಿಗೆ ಹಿಡಿದುಕೊಳ್ಳಲು ಇಷ್ಟೊಂದು ಹಿಡಿಕೆಗಳಿರುವಾಗ ಆಟ ತಾನಾಗಿ ಶುರುವಾಗುತ್ತದೆ. ‘ಗೋರಸ್ಥಾನೇ ಸಾಬಧಾನ್’ ಓದಿದವನು ಪಾರ್ಕ್ ಸ್ಟ್ರೀಟಿನ ಹಳೆಯ ಬ್ರಿಟಿಷ್ ಸ್ಮಶಾನಕ್ಕೆ ಹೋಗಿಯೇ ಹೋಗುತ್ತಾನೆ. ಅಲ್ಲಿನ ಗೋಪುರದಂಥ ಗೋರಿಗಳ ನಡುವೆ ಪುಸ್ತಕ ಹಿಡಿದು ಓಡಾಡುವ ಹುಡುಗರನ್ನು ನಾನು ಕಂಡಿದ್ದೇನೆ. 18ನೇ ಶತಮಾನದ ಕಂಪನಿ ಕಾಲದ ಇತಿಹಾಸವನ್ನು ಆ ವಯಸ್ಸಿನ ಮಕ್ಕಳು ಬೇರೆ ಯಾವ ನೆಪದಲ್ಲಿ ಅಷ್ಟು ಹೊತ್ತು ಓದುತ್ತಿದ್ದರು?

‘ಕೈಲಾಸೇ ಕೆಲೆಂಕಾರಿ’ ನಮಗೆ ಹತ್ತಿರದ್ದು. ಭುವನೇಶ್ವರದ ರಾಜಾರಾಣಿ ದೇವಾಲಯದಿಂದ ಕತ್ತರಿಸಿದ ಯಕ್ಷಿಯ ತಲೆಯ ಬೆನ್ನು ಹತ್ತಿ ಕಥೆ ಎಲ್ಲೋರಾಕ್ಕೆ ಹೋಗುತ್ತದೆ. ನಮ್ಮ ಶಿಲ್ಪಗಳು ಕಳ್ಳದಾರಿಯಲ್ಲಿ ವಿದೇಶಕ್ಕೆ ಸಾಗುವ ಬಗ್ಗೆ ಮಕ್ಕಳ ಕಾದಂಬರಿಯೊಂದರಲ್ಲಿ ಅಷ್ಟು ಸಿಟ್ಟಿನಿಂದ ಬರೆದವರು ಕಡಿಮೆ. ಎಲ್ಲೋರಾದ ಕೈಲಾಸ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು, ಆ ವಂಶದ ಮುಂದಿನ ರಾಜಧಾನಿ ಮಾನ್ಯಖೇಟ ಅಂದರೆ ಕಲಬುರಗಿ ಜಿಲ್ಲೆಯ ಮಳಖೇಡ ಎಂದು ನಾನು ಹೇಳಿದಾಗ ಗೆಳೆಯರು ತಕ್ಷಣ ನಕಾಶೆ ತೆಗೆದರು. ಮಳಖೇಡಕ್ಕೆ ಯಾವ ರೈಲು, ಕೋಟೆ ಈಗ ಹೇಗಿದೆ, ಅಲ್ಲೊಂದು ಫೆಲುದಾ ಕಥೆ ನಡೆದಿದ್ದರೆ ಕಳ್ಳ ಯಾರಾಗಿರುತ್ತಿದ್ದ? ಮಧ್ಯಾಹ್ನವಿಡೀ ಅದೇ ಮಾತು. ಮಳಖೇಡದ ಹೆಸರನ್ನು ಅವರು ಮರೆಯಲಾರರು. ಪಠ್ಯಪುಸ್ತಕ ಓದಿಸಿದ್ದರೆ ಮರೆಯುತ್ತಿದ್ದರು.

ಇನ್ನು ಜೈಸಲ್ಮೇರ್. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಲು ತೊಡಗಿದ, ಇಂದಿಗೂ ಒಳಗೆ ಜನ ಸಂಸಾರ ಮಾಡಿಕೊಂಡಿರುವ ಹಳದಿ ಕಲ್ಲಿನ ಕೋಟೆ. ‘ಸೋನಾರ್ ಕೆಲ್ಲಾ’ದಲ್ಲಿ ಮುಕುಲ್ ಎಂಬ ಪುಟ್ಟ ಹುಡುಗನಿಗೆ ಪೂರ್ವಜನ್ಮದ ಬಂಗಾರದ ಕೋಟೆಯೊಂದು ನೆನಪಾಗುತ್ತಿರುತ್ತದೆ. ಅಲ್ಲಿ ನಿಧಿ ಇದೆ ಎಂದುಕೊಂಡ ದುಷ್ಟರು ಹುಡುಗನನ್ನು ಹಿಡಿದುಕೊಂಡು ರಾಜಸ್ಥಾನದುದ್ದಕ್ಕೂ ಅಲೆಯುತ್ತಾರೆ. ರಾಯ್ ಇದನ್ನು 1974ರಲ್ಲಿ ಸಿನಿಮಾ ಮಾಡಿದರು, ಹಣ ಹಾಕಿದ್ದು ಪಶ್ಚಿಮ ಬಂಗಾಳ ಸರ್ಕಾರ. ಅಲ್ಲಿಂದಾಚೆಗೆ ಬಂಗಾಳಿಗಳು ಆ ಊರಿಗೆ ಹೋಗುವುದನ್ನು ನಿಲ್ಲಿಸಿಲ್ಲ. ಪೂಜೆಯ ರಜೆಯಲ್ಲಿ ನಾವೂ ಸಂಸಾರಸಮೇತ ಹೋಗಿದ್ದೆವು. ಜೋಧಪುರದಿಂದ ಹೊರಟ ರೈಲು ರಾಮದೇವರಾ ದಾಟುವಾಗ ಬೋಗಿಯ ಅರ್ಧ ಜನ ಕಿಟಕಿಗೆ ಮುಗಿಬಿದ್ದರು. ಒಂಟೆಯ ಮೇಲೆ ಹೊರಟ ಫೆಲುದಾ ತಂಡ ರೈಲು ಹಿಡಿಯಲು ಬರುವುದು ಆ ಕಡೆಗೇ. ಅಷ್ಟರಲ್ಲಿ ಒಬ್ಬರು ಒಂಟೆ ನೀರನ್ನು ಹೊಟ್ಟೆಯಲ್ಲಿ ಕೂಡಿಡುತ್ತದೆ ಎಂದು ಗಟ್ಟಿಯಾಗಿ ಘೋಷಿಸಿದರು. ಇಡೀ ಬೋಗಿ ಒಕ್ಕೊರಲಿನಿಂದ ಅದನ್ನು ಖಂಡಿಸಿತು. ಜಟಾಯು ತನ್ನ ಕಾದಂಬರಿಯಲ್ಲಿ ಮಾಡಿದ ತಪ್ಪು ಅದು. ಡುಬ್ಬದಲ್ಲಿರುವುದು ಕೊಬ್ಬು ಎಂದು ಫೆಲುದಾ ತಿದ್ದುತ್ತಾನೆ. ಪರಸ್ಪರ ಪರಿಚಯವೇ ಇಲ್ಲದ ನಲವತ್ತು ಜನ ಒಂದು ಪುಸ್ತಕದ ನೆನಪಿನಿಂದ ಮನೆಯವರಂತಾದರು. ಆ ಬೋಗಿಯಲ್ಲಿ ನಾನೊಬ್ಬ ಕನ್ನಡಿಗ, ನನಗೂ ಸಂದೇಶ್ ಮಿಠಾಯಿಯಲ್ಲಿ ಪಾಲು ಸಿಕ್ಕಿತು.

ಕೋಟೆಯೊಳಗೆ ಪಾಳುಬಿದ್ದ ಮನೆಯೊಂದನ್ನು ಗೈಡ್‌ಗಳು ‘ಮುಕುಲ್ ಮನೆ’ ಎಂದು ತೋರಿಸುತ್ತಾರೆ, ಅದೂ ಬಂಗಾಳಿಯಲ್ಲಿ. ಮುಕುಲನ ಹೆಸರಿಟ್ಟುಕೊಂಡ ಕಲ್ಲಿನ ಸಾಮಾನಿನ ಅಂಗಡಿ ಇದೆ. ಒಂದು ಮಕ್ಕಳ ಪುಸ್ತಕದಿಂದ ಸಾವಿರಕ್ಕೂ ಹೆಚ್ಚು ಮೈಲಿ ದೂರದ ಮರಳುಗಾಡಿನ ಊರಿನ ಜನಕ್ಕೆ ಅನ್ನ ಹುಟ್ಟಿದೆ, ಅವರು ಇನ್ನೊಂದು ಭಾಷೆ ಕಲಿತಿದ್ದಾರೆ. ಇದನ್ನು ವ್ಯಾಪಾರ ಎಂದು ಮೂಗು ಮುರಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅಂಗಡಿಯವನು ಆ ಸಿನಿಮಾ ಬಗ್ಗೆ ಮಾತಾಡುವಾಗ ಅವನ ದನಿಯಲ್ಲಿ ಮಾರಾಟದ ಜೊತೆಗೆ ಹೆಮ್ಮೆಯೂ ಇತ್ತು.

ಸಲುಗೆಯಿರುವಲ್ಲಿ ಜಗಳವೂ ಇರುತ್ತದೆ. ಸೌಮಿತ್ರ ಚಟರ್ಜಿಯೇ ನಿಜವಾದ ಫೆಲುದಾ ಅನ್ನುವವರು, ಇಲ್ಲ ಸವ್ಯಸಾಚಿ ಚಕ್ರವರ್ತಿ ಅನ್ನುವವರು ನಮ್ಮ ಶಾಖೆಯಲ್ಲಿ ಎರಡು ಪಂಗಡವಾಗಿದ್ದರು, ವಯಸ್ಸಿನ ಪ್ರಕಾರ. ಜಟಾಯುವಿನ ವಿಷಯದಲ್ಲಿ ಮಾತ್ರ ಭಿನ್ನಮತವಿರಲಿಲ್ಲ: ಸಂತೋಷ್ ದತ್ತ. ವೃತ್ತಿಯಲ್ಲಿ ವಕೀಲರಾಗಿದ್ದ ಆ ನಟ ಪಾತ್ರಕ್ಕೆ ಎಷ್ಟು ಒಗ್ಗಿಬಿಟ್ಟರೆಂದರೆ, ಸಿನಿಮಾ ಬಂದ ಮೇಲೆ ರಾಯ್ ಪುಸ್ತಕಕ್ಕೆ ಬರೆಯುವ ಚಿತ್ರಗಳಲ್ಲಿ ಜಟಾಯುವಿನ ಮುಖವನ್ನೇ ಬದಲಿಸಿ ಸಂತೋಷ್ ದತ್ತರಂತೆ ಮಾಡಿದರು. ದತ್ತ 1988ರಲ್ಲಿ ತೀರಿಕೊಂಡ ಮೇಲೆ, ಅವರಿಲ್ಲದೆ ತಾನು ಫೆಲುದಾ ಸಿನಿಮಾ ಮಾಡಲಾರೆ ಅಂದರು ರಾಯ್. ಮಾಡಲೂ ಇಲ್ಲ. ನಂತರದ ಚಿತ್ರಗಳೆಲ್ಲ ಮಗ ಸಂದೀಪ್ ರಾಯ್ ಮತ್ತು ಇತರರದು.

ಮೆಚ್ಚುವವರೇ ಕೊರತೆಯನ್ನೂ ಹೇಳುತ್ತಾರೆ, ಹೇಳಬೇಕು. ಸಾಲ ವಿಭಾಗದ ಮೇಡಂ ಫೆಲುದಾನನ್ನು ಬಾಯಿಪಾಠ ಬರುವಷ್ಟು ಓದಿದವರು. ಇಷ್ಟು ಕಥೆಗಳಲ್ಲಿ ನೆನಪಿಡುವಂಥ ಹೆಣ್ಣು ಪಾತ್ರಗಳನ್ನು ಹುಡುಕಬೇಕಲ್ಲ ಎಂಬ ದೂರು ಅವರಿಗೆ ಹತ್ತನೇ ವಯಸ್ಸಿನಿಂದ ಇತ್ತು. ಕಿರಿಯರ ಪತ್ರಿಕೆಗೆ ಬರೆಯುವಾಗ ಪ್ರೇಮ, ಅಸೂಯೆಯ ಅಪರಾಧಗಳನ್ನೆಲ್ಲ ಹೊರಗಿಡಬೇಕಾಗುತ್ತದೆ ಎಂದು ರಾಯ್ ಹೇಳಿಕೊಂಡಿದ್ದಾರೆ. ಮೇಡಂಗೆ ಈ ಸಮಜಾಯಿಷಿ ಸಾಲದು. ಹುಡುಗಿಯೊಬ್ಬಳು ತೋಪ್ಶೆಯ ಜಾಗದಲ್ಲಿದ್ದರೆ ಏನು ಕಷ್ಟವಿತ್ತು ಎಂದು ಕೇಳುತ್ತಿದ್ದರು. ಅವರ ಪ್ರಶ್ನೆ ಸರಿಯಾದದ್ದು. ಓದುಗರು ಹೀಗೆ ಕೇಳಬೇಕೆಂದು ರಾಯ್ ಕೂಡ ಬಯಸಿದ್ದರೆಂದೇ ನನ್ನ ನಂಬಿಕೆ. ‘ನಯನ್ ರಹಸ್ಯ’ ತೆರೆಯುವುದು ಹೇಗೆ ನೋಡಿ: ಇತ್ತೀಚಿನ ಕಥೆಗಳು ಮೊದಲಿನಂತಿಲ್ಲ ಎಂದು ಓದುಗರು ಬರೆದ ಪತ್ರಗಳಿಂದ ಫೆಲುದಾ ಮಂಕಾಗಿ ಕೂತಿರುತ್ತಾನೆ! ಬರಹಗಾರ ತನ್ನ ಮೇಲಿನ ಆಕ್ಷೇಪವನ್ನೇ ಕಥೆಯ ಬಾಗಿಲಲ್ಲಿಟ್ಟು, ನಿಮ್ಮ ಮಾತು ತಲುಪಿತು ಎಂದು ಮಕ್ಕಳಿಗೆ ತಿಳಿಸುತ್ತಾನೆ. ‘ಲಂಡನೇ ಫೆಲುದಾ’ದಲ್ಲಂತೂ ಫೆಲುದಾ ಬೇಕರ್ ಸ್ಟ್ರೀಟಿಗೆ ಹೋಗಿ ಷೆರ್ಲಾಕ್ ಹೋಮ್ಸನಿಗೆ ಗುರುವಂದನೆ ಸಲ್ಲಿಸುತ್ತಾನೆ. ರಜನಿ ಸೇನ್ ರಸ್ತೆಯಲ್ಲಿ ನಂಬರು ಹುಡುಕುವವರು ಮಾಡುವುದನ್ನೇ ಅವರ ನಾಯಕನೂ ಮಾಡಿದ್ದಾನೆ.

ನಮ್ಮಲ್ಲಿ ಈ ಗುಣವಿಲ್ಲವೆಂದಲ್ಲ. ರಾಜರತ್ನಂ ಅವರ ನಾಯಿಮರಿಯ ಪದ್ಯಕ್ಕೆ ಶಾಲೆಗೊಂದು ತರಲೆ ಪಾಠಾಂತರ ಇದ್ದೇ ಇದೆ. ಮಕ್ಕಳು ಆ ಪದ್ಯವನ್ನು ಎಷ್ಟು ಸ್ವಂತ ಮಾಡಿಕೊಂಡಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಕಾಲ್ಪನಿಕ ಊರು. ಆದರೂ ಶಂಕರ್ ನಾಗ್ ಧಾರಾವಾಹಿ ತೆಗೆದ ಆಗುಂಬೆಯ ದೊಡ್ಡಮನೆಯ ಜಗಲಿಯಲ್ಲಿ ಕೂತು ಬರುವುದಕ್ಕೆ ಜನ ಇವತ್ತಿಗೂ ಹೋಗುತ್ತಾರೆ. ನಮ್ಮ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೂ ಆಗಿದೆ. ಒಳ್ಳೆಯದೇ. ಆದರೆ ಗಾಜಿನ ಪೆಟ್ಟಿಗೆಯ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ಮುಟ್ಟಬೇಡ’ ಎನ್ನುವುದಕ್ಕಿಂತ, ಮಾಲ್ಗುಡಿಯ ಹುಡುಗ ಸ್ವಾಮಿ ತನ್ನ ಕ್ರಿಕೆಟ್ ತಂಡಕ್ಕೆ ಇವತ್ತು ಏನು ಹೆಸರಿಡುತ್ತಿದ್ದ ಎಂದು ಅವರನ್ನು ಕೇಳಬೇಕು.

ಕನ್ನಡದಲ್ಲಿ ಮಕ್ಕಳಿಗೆ ಬರೆಯುವವರಿಗೆ ಒಂದು ಕೋರಿಕೆ. ದಯವಿಟ್ಟು ಊರಿನ ಹೆಸರು ಹೇಳಿ. ನಿಮ್ಮ ಹುಡುಗಿ ಹತ್ತಿದ ಬಸ್ಸು ಸಾಗರದಿಂದ ಎಷ್ಟು ಗಂಟೆಗೆ ಬಿಟ್ಟಿತು, ಯಾವ ನಿಲ್ದಾಣದಲ್ಲಿ ಇಳಿದಳು, ಅಲ್ಲಿ ಏನು ತಿಂದಳು ಎಂದು ಬರೆಯಿರಿ. ‘ಒಂದು ಸುಂದರ ಹಳ್ಳಿ’ಗೆ ಯಾವ ಮಗುವೂ ಹಟ ಮಾಡಿ ಅಪ್ಪನನ್ನು ಕರೆದೊಯ್ಯಲಾರದು. ಒಂದೇ ಪಾತ್ರದ ಹತ್ತು ಪುಸ್ತಕ ಬರೆಯಿರಿ. ಒಂದು ಪುಸ್ತಕದಲ್ಲಿ ಪರಿಚಯವಾಗುತ್ತದೆ, ಸಲುಗೆಗೆ ಹತ್ತು ಬೇಕು. ಪ್ರಕಾಶಕರು ಅದಕ್ಕೆ ಕಾಯುವ ತಾಳ್ಮೆ ತೋರಿಸಬೇಕು. ರಾಯ್ ವರ್ಷಕ್ಕೊಂದೋ ಎರಡೋ ಬರೆದರು. ಪೂಜಾ ವಿಶೇಷಾಂಕ ಬರುವವರೆಗೆ ಒಂದು ಪ್ರಾಂತ್ಯವೇ ಕಾಯುತ್ತಿತ್ತು.

ಈಗ ನಾನಿರುವ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ, ಕನ್ನಡದವಳೇ. ಗೋಪಾ ಮಜುಂದಾರರ ಇಂಗ್ಲಿಷ್ ಅನುವಾದದ ಎರಡು ದಪ್ಪ ಸಂಪುಟಗಳನ್ನು ನನ್ನಿಂದ ಒಯ್ದು ಓದಿ ಮುಗಿಸಿ, ಒಂದು ಹಾಳೆ ತಂದಳು. ಕಥೆಗಳ ವರ್ಷ ಒಂದು ಕಡೆ, ತೋಪ್ಶೆಯ ವಯಸ್ಸು ಇನ್ನೊಂದು ಕಡೆ. ಮೊದಲ ಕಥೆಯಲ್ಲೇ ಅವನು ಹೈಸ್ಕೂಲು ಹುಡುಗ. 1989ರಲ್ಲಿ ಲಂಡನ್ನಿಗೆ ಹೋಗುವಾಗ ಮೂವತ್ತೈದು ದಾಟಿರಬೇಕು, ಆದರೂ ಅಣ್ಣನ ಹಿಂದೆ ಹುಡುಗನಂತೆಯೇ ಓಡಾಡುತ್ತಾನೆ, ಇದು ಹೇಗೆ ಎಂದು ಕೇಳಿದಳು. ಕೋಲ್ಕತ್ತದ ನನ್ನ ಕ್ಯಾಷಿಯರ್ ಗೆಳೆಯರಿಗೆ ಫೋನು ಹಚ್ಚಿ ಕೊಟ್ಟೆ. ಅವರು ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಮೊಮ್ಮಕ್ಕಳಿದ್ದಾರೆ. ಪ್ರಶ್ನೆ ಕೇಳಿ ಅವರ ದನಿಗೆ ಹರೆಯ ಬಂತು. ಘಟನೆಗಳೆಲ್ಲ ಎಪ್ಪತ್ತರ ದಶಕದಲ್ಲೇ ನಡೆದವು, ತೋಪ್ಶೆ ಸೋಮಾರಿ, ಬರೆದು ಮುಗಿಸಲು ತಡಮಾಡಿದ ಎಂದು ವಾದಿಸಿದರು. ಹುಡುಗಿ ಒಪ್ಪಲಿಲ್ಲ. ಹಾಗಿದ್ದರೆ ಓದುಗರ ಪತ್ರಗಳು ಅವನ ಕಣ್ಣೆದುರೇ ಬರುವುದು ಹೇಗೆ ಎಂದು ‘ನಯನ್ ರಹಸ್ಯ’ವನ್ನು ಮುಂದಿಟ್ಟಳು. ಅವರು ಒಂದು ವಾರ ಸಮಯ ಕೇಳಿದ್ದಾರೆ.